ಗೃಹಸ್ಥನ ಮುನಿವೃತ್ತಿ: ಭರತೇಶನ ಅರಮನೆ ಮತ್ತು ಲಕ್ಕಮ್ಮನ ಮನೆ

೧

ಧ್ಯಾನ, ಅಪರಿಗ್ರಹ, ಸಮಚಿತ್ತ, ಇಂದ್ರಿಯನಿಗ್ರಹ ಮೊದಲಾದವು ಮೂಲತಃ ಮನೆಯನ್ನು ಬಿಟ್ಟು ಹೊರಟವರ ಬಾಳಿಗೆ ಸಂಬಂಧಿಸಿದ ಮೌಲ್ಯಗಳು. ಅವುಗಳನ್ನು ಮನೆಯಲ್ಲಿಯೇ ಉಳಿದವರ ದಿನಚರಿಗೆ ತರಲು ಸಾಧ್ಯವೆ, ತಂದಾಗ ಅವುಗಳ ಸ್ವರೂಪ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯವು ಹಲವು ಶತಮಾನಗಳ ಕಾಲ ಬೇರೆಬೇರೆ ನೆಲೆಗಳಿಂದ ಎದುರಿಸಿದೆ. ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಉದಾಹರಣೆಗಳು ಬರುತ್ತವೆ. ಒಂದು, ರತ್ನಾಕರವರ್ಣಿಯ 'ಭರತೇಶ ವೈಭವ'ದ ಭರತ ಚಕ್ರವರ್ತಿ. ಇನ್ನೊಂದು, ಹನ್ನೆರಡನೆಯ ಶತಮಾನದ ಶರಣರ ಕಾಯಕ ಮತ್ತು ದಾಸೋಹಗಳು. ಮೊದಲನೆಯದನ್ನು 'ಭೋಗ–ಯೋಗಗಳ ಸಮನ್ವಯ' ಎಂದೂ, ಎರಡನೆಯದನ್ನು 'ಸಂಸಾರದಲ್ಲಿದ್ದೇ ಸಾಧನೆ' ಎಂದೂ ಹೆಸರಿಸುವುದು ವಾಡಿಕೆಯಾಗಿದೆ. ಹೆಸರಿಟ್ಟ ಮೇಲೆ ಎರಡೂ ಒಂದೇ ಬಗೆಯ ಸಾಧನೆಗಳೆಂದು ಭಾವಿಸಿ ಮುಂದೆ ಸಾಗುವುದೂ ವಾಡಿಕೆಯೇ.

ಆದರೆ ಇವೆರಡೂ ಒಂದೇ ಬಗೆಯವಲ್ಲ. ವಿರಕ್ತನ ಬದುಕಿನಿಂದ ಗೃಹಸ್ಥನು ಏನನ್ನು ತೆಗೆದುಕೊಂಡ, ಏನನ್ನು ಅಲ್ಲಿಯೇ ಬಿಟ್ಟ ಎಂದು ಕೇಳಿದಾಗ ಅವುಗಳ ಅಂತರ ಕಾಣತೊಡಗುತ್ತದೆ. ಮುನಿಯ ಬದುಕು ಏಕಾಂತದ ಧ್ಯಾನವಷ್ಟೇ ಅಲ್ಲ. ಅದಕ್ಕೆ ಅಳತೆಗಳಿವೆ: ಎಷ್ಟು ಹೊತ್ತು, ಎಷ್ಟು ಆಹಾರ, ಎಷ್ಟು ವಸ್ತು ಎಂಬ ನಿಯಮಗಳಿವೆ. ಅದಕ್ಕಿಂತ ಮುಖ್ಯವಾಗಿ, ನಿಯಮ ತಪ್ಪಿದಾಗ ಕೇಳುವವರಿದ್ದಾರೆ. ಜೈನ ಮುನಿಯು ತನ್ನ ದೋಷವನ್ನು ಗುರುವಿನ ಮುಂದೆ ನಿವೇದಿಸುವ ಆಲೋಚನೆ, ನಡೆದ ತಪ್ಪಿನಿಂದ ಹಿಂತಿರುಗುವ ಪ್ರತಿಕ್ರಮಣ, ಅದಕ್ಕೆ ತಕ್ಕ ಪ್ರಾಯಶ್ಚಿತ್ತ ಇವೆಲ್ಲ ಆ ವ್ಯವಸ್ಥೆಯ ಅಂಗಗಳು. ಧ್ಯಾನವನ್ನು ಮನೆಗೆ ತರುವುದು ಅಷ್ಟು ಕಷ್ಟವಲ್ಲ. ಅಳತೆಯನ್ನು ತರುವುದು ಅದಕ್ಕಿಂತ ಕಷ್ಟ. ಕೇಳುವವರನ್ನು ಮನೆಯೊಳಗೆ ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಕನ್ನಡದ ಎರಡು ಪ್ರಧಾನ ನಿದರ್ಶನಗಳನ್ನು ಈ ಮೂರನೆಯ ಅಂಶದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಜೈನಧರ್ಮವು ಮುನಿಧರ್ಮ ಮತ್ತು ಶ್ರಾವಕಧರ್ಮಗಳ ನಡುವಿನ ಸಂಬಂಧವನ್ನು ಬಹು ಹಿಂದೆಯೇ ಸ್ಪಷ್ಟವಾಗಿ ನಿರೂಪಿಸಿದೆ. ಮುನಿಯ ಪಂಚ ಮಹಾವ್ರತಗಳೇ ಗೃಹಸ್ಥನಲ್ಲಿ ಪಂಚ ಅಣುವ್ರತಗಳಾಗುತ್ತವೆ. ಇವುಗಳ ಜೊತೆಗೆ ಮೂರು ಗುಣವ್ರತಗಳು, ನಾಲ್ಕು ಶಿಕ್ಷಾವ್ರತಗಳು ಸೇರಿ ಶ್ರಾವಕನ ವ್ರತಗಳು ಹನ್ನೆರಡು. ಮುನಿಯ ಅಪರಿಗ್ರಹವು ಶ್ರಾವಕನಲ್ಲಿ ಪರಿಗ್ರಹ ಪರಿಮಾಣವಾಗುತ್ತದೆ. ಎಲ್ಲವನ್ನೂ ಬಿಡಲಾರದವನು ತಾನು ಇಟ್ಟುಕೊಳ್ಳುವುದಕ್ಕೆ ಒಂದು ಮಿತಿಯನ್ನು ತಾನೇ ಘೋಷಿಸಿ ಅದರೊಳಗೆ ಬಾಳಬೇಕು. 'ಪರಿಮಾಣ' ಎಂಬ ಪದವೇ ಇಲ್ಲಿ ಅಳತೆಯನ್ನು ಸೂಚಿಸುತ್ತದೆ.

ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವು ಈ ವಿಷಯದಲ್ಲಿ ಮೂರು ಮಹತ್ವದ ಮಾತುಗಳನ್ನು ಆಡುತ್ತದೆ. ಮೊದಲನೆಯದು, ಮೋಹವಿಲ್ಲದ ಗೃಹಸ್ಥನು ಮೋಕ್ಷಮಾರ್ಗದಲ್ಲಿದ್ದಾನೆ, ಮೋಹವುಳ್ಳ ಮುನಿಗಿಂತ ಅವನು ಮೇಲು ಎಂಬುದು. ಎರಡನೆಯದು, ಸಾಮಾಯಿಕದಲ್ಲಿ ಕುಳಿತ ಗೃಹಸ್ಥನನ್ನು ಕುರಿತದ್ದು. ಆರಂಭ ಪರಿಗ್ರಹಗಳನ್ನು ತೊರೆದು ಸಮಭಾವದಲ್ಲಿ ನಿಂತ ಆ ಹೊತ್ತಿನಲ್ಲಿ ಅವನು, ಯಾರೋ ಮೈಮೇಲೆ ಬಟ್ಟೆ ಹೊದಿಸಿಬಿಟ್ಟ ಮುನಿಯಂತೆ ಇರುತ್ತಾನೆ ಎಂದು ಆಚಾರ್ಯರು ಹೇಳುತ್ತಾರೆ. ಸಾಮಾನ್ಯವಾಗಿ ಒಂದು ಮುಹೂರ್ತ, ಅಂದರೆ ೪೮ ನಿಮಿಷಗಳ ಕಾಲ ಆಚರಿಸಲಾಗುವ ಈ ಸಾಮಾಯಿಕವು ಮುನಿತ್ವವನ್ನು ಕಾಲದ ಒಂದು ತುಣುಕಾಗಿ ಮನೆಗೆ ತರುವ ಉಪಾಯ. ಮೂರನೆಯದು ಅಚೌರ್ಯಾಣುವ್ರತದ ಲಕ್ಷಣ. ಪರರು ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದನ್ನೂ ಅವರು ಕೊಡದೆ ತೆಗೆದುಕೊಳ್ಳಬಾರದು, ಬೇರೆಯವರಿಗೆ ಕೊಡಲೂ ಬಾರದು ಎಂಬುದು ಅಲ್ಲಿನ ವಿಧಿ. ಈ ಮೂರನೆಯ ಮಾತನ್ನು, ವಿಶೇಷವಾಗಿ 'ಬಿದ್ದದ್ದು' ಎಂಬುದನ್ನು, ಮುಂದೆ ಆಯ್ದಕ್ಕಿಯ ಪ್ರಸಂಗದಲ್ಲಿ ನೆನೆಯಬೇಕಾಗುತ್ತದೆ.

ಇದೇ ಪರಂಪರೆಯಲ್ಲಿ ಇನ್ನೊಂದು ಧಾರೆಯೂ ಇದೆ. ಕುಂದಕುಂದಾಚಾರ್ಯರ 'ಸಮಯಸಾರ'ವು ಆತ್ಮ ಬೇರೆ, ಪುದ್ಗಲ ಬೇರೆ ಎಂಬ ಭೇದವಿಜ್ಞಾನಕ್ಕೆ ಪ್ರಾಧಾನ್ಯ ಕೊಡುತ್ತದೆ. ವಿಷದ ಮರ್ಮ ಬಲ್ಲ ವೈದ್ಯನು ವಿಷವನ್ನು ಸೇವಿಸಿಯೂ ಸಾಯದಿರುವಂತೆ, ಕೆಸರಿನಲ್ಲಿ ಬಿದ್ದ ಚಿನ್ನಕ್ಕೆ ಕೆಸರು ಹತ್ತದಿರುವಂತೆ, ಜ್ಞಾನಿಯು ವಿಷಯಗಳ ನಡುವೆ ಇದ್ದೂ ಬದ್ಧನಾಗುವುದಿಲ್ಲ ಎಂದು ಅದು ಪ್ರತಿಪಾದಿಸುತ್ತದೆ. ಶ್ರಾವಕಾಚಾರವು ಅಳತೆಯ ಮೂಲಕ ಮುನಿಧರ್ಮವನ್ನು ಮನೆಗೆ ತರುತ್ತದೆ. ಸಮಯಸಾರದ ಈ ದೃಷ್ಟಾಂತಗಳನ್ನು ಗೃಹಸ್ಥನಿಗೆ ಅನ್ವಯಿಸಿದರೆ ಭಾವದ ಮೂಲಕ ತರಲು ದಾರಿಯಾಗುತ್ತದೆ. ಅಳತೆಯನ್ನು ಹೊರಗಿನವರು ಪರೀಕ್ಷಿಸಬಹುದು. ಭಾವಕ್ಕೆ ಅದು ಉಳ್ಳವನೇ ಸಾಕ್ಷಿ.

೩

ಮೂಡಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದ ಕವಿ. ಅವನ 'ತ್ರಿಲೋಕಶತಕ' ೧೫೫೭ರಲ್ಲಿ ರಚಿತವಾದದ್ದು. ಸುಮಾರು ಹತ್ತು ಸಾವಿರ ಸಾಂಗತ್ಯಗಳ 'ಭರತೇಶ ವೈಭವ'ವು ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಅರ್ಕಕೀರ್ತಿವಿಜಯ, ಮೋಕ್ಷವಿಜಯ ಎಂಬ ಐದು ಭಾಗಗಳಲ್ಲಿ ಹರಡಿಕೊಂಡಿದೆ. ಭೋಗವನ್ನೇ ಒಂದು 'ವಿಜಯ'ವೆಂದು ಕರೆದು ಕಾವ್ಯವನ್ನು ಅಲ್ಲಿಂದಲೇ ಆರಂಭಿಸುವ ಯೋಜನೆಯು ಕವಿಯ ಧೋರಣೆಯನ್ನು ತೋರುತ್ತದೆ. ಆಸ್ಥಾನದಲ್ಲಿ ಕಾವ್ಯಗೋಷ್ಠಿ, ಚಾರಣಮುನಿಗಳನ್ನು ಎದುರುಗೊಂಡು ಮಾಡುವ ಆಹಾರದಾನ, ಬಳಿಕ ರಾಣಿಯರೊಡನೆ ಊಟ, ಸರಸ, ಪರ್ವದ ದಿನಗಳ ಉಪವಾಸ ಮತ್ತು ಧ್ಯಾನ, ಮರುದಿನದ ಪಾರಣೆ: ಹೀಗೆ ಅರಮನೆಯ ಒಂದು ದಿನಚರಿಯೇ ಕಾವ್ಯದ ಮೊದಲ ಭಾಗಕ್ಕೆ ಚೌಕಟ್ಟಾಗಿದೆ. ಮುನಿಭುಕ್ತಿಯ ಸಂಧಿಯನ್ನು ಹಿಂಬಾಲಿಸಿ ರಾಜಭುಕ್ತಿಯ ಸಂಧಿ ಬರುವ ಕ್ರಮ ಆಕಸ್ಮಿಕವಲ್ಲ. ಮುನಿಯ ಊಟಕ್ಕೂ ಅರಸನ ಊಟಕ್ಕೂ ಒಂದೇ ದಿನದಲ್ಲಿ, ಒಂದೇ ಮನೆಯಲ್ಲಿ ಎಡೆಯುಂಟು ಎಂಬುದನ್ನು ಕವಿ ಸಂಧಿಗಳ ಜೋಡಣೆಯಿಂದಲೇ ಹೇಳುತ್ತಾನೆ.

ಈ ಕಾವ್ಯದ ಸಾಧನೆ ದೊಡ್ಡದು. ಹಾಡಿಗೆ ಒಗ್ಗುವ ಸಾಂಗತ್ಯದಲ್ಲಿ, ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಅಧ್ಯಾತ್ಮದ ಪರಿಭಾಷೆಯನ್ನು ತಂದುದರಿಂದ ಅದು ಪಂಡಿತರ ವಲಯವನ್ನು ದಾಟಿ ಮನೆಗಳನ್ನು ಮುಟ್ಟಿತು. ತನ್ನೊಳಗಿನ ಆತ್ಮವನ್ನು 'ಹಂಸನಾಥ'ನೆಂದು ಸಂಬೋಧಿಸುವ ಕವಿಯ ರೀತಿಯು ಧ್ಯಾನವನ್ನು ಆಪ್ತವಾದ ಸಂವಾದವಾಗಿಸುತ್ತದೆ. ಗೃಹಸ್ಥನು ಎರಡನೆಯ ದರ್ಜೆಯ ಸಾಧಕನೆಂಬ ಅಳುಕನ್ನು ಕನ್ನಡದಲ್ಲಿ ಇಷ್ಟು ಸಂತೋಷದಿಂದ ನಿವಾರಿಸಿದ ಇನ್ನೊಂದು ಕಾವ್ಯವಿಲ್ಲ.

ಆದರೂ ಭರತನು ಮನೆಗೆ ತಂದದ್ದು ಮುನಿಧರ್ಮದ ಯಾವ ಭಾಗವನ್ನು ಎಂದು ಕೇಳಲೇಬೇಕು. ಪುರಾಣದ ಪ್ರಕಾರ ಅವನು ಆರು ಖಂಡಗಳ ಒಡೆಯ, ನವನಿಧಿ ಮತ್ತು ಹದಿನಾಲ್ಕು ರತ್ನಗಳ ಸ್ವಾಮಿ, ೯೬,೦೦೦ ಮಂದಿ ರಾಣಿಯರ ಪತಿ. ಇಂಥವನ ವಿಷಯದಲ್ಲಿ ಪರಿಗ್ರಹ ಪರಿಮಾಣವೆಂಬ ವ್ರತ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಕವಿ ಅನಿವಾರ್ಯವಾಗಿ ಭಾವದ ದಾರಿಯನ್ನು ಹಿಡಿಯುತ್ತಾನೆ. ಭರತನ ವಿರಕ್ತಿಗೆ ಭೇದವಿಜ್ಞಾನವೇ ಆಧಾರ. ಅವನು ಉಣ್ಣುತ್ತಾನೆ, ಆದರೆ ಉಣ್ಣುವುದು ದೇಹವೆಂದು ಬಲ್ಲ. ಅವನು ಆಳುತ್ತಾನೆ, ಆದರೆ ಆಳುವುದು ಕರ್ಮವೆಂದು ಬಲ್ಲ. ಹೀಗೆ ಬಲ್ಲನೆಂಬುದಕ್ಕೆ ಸಾಕ್ಷಿ ಅವನ ಮಾತು ಮತ್ತು ಕವಿಯ ಮಾತು. ಅರಮನೆಯಲ್ಲಿ ಅವನನ್ನು ಪ್ರಶ್ನಿಸುವ ಸ್ಥಾನದಲ್ಲಿ ಯಾರೂ ಇಲ್ಲ. ರಾಣಿಯರು ಅವನಿಂದ ತತ್ತ್ವೋಪದೇಶವನ್ನು ಕೇಳುತ್ತಾರೆ. ಕವಿಗಳು ಅವನನ್ನು ಹೊಗಳುತ್ತಾರೆ. ಮುನಿಗಳು ಅವನ ದಾನವನ್ನು ಸ್ವೀಕರಿಸಿ ಹರಸುತ್ತಾರೆ.

ಈ ಅಂಶವು ಬಾಹುಬಲಿಯ ಪ್ರಸಂಗದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಜಿನಸೇನರ ಪುರಾಣವನ್ನು ಅನುಸರಿಸಿದ ಪಂಪನ 'ಆದಿಪುರಾಣ'ದಲ್ಲಿ (೯೪೧) ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಭರತನು ಸೋಲುತ್ತಾನೆ, ಸೋತ ಸಿಟ್ಟಿನಲ್ಲಿ ಚಕ್ರವನ್ನು ಪ್ರಯೋಗಿಸುತ್ತಾನೆ. ಗೆದ್ದ ತಮ್ಮನು ರಾಜ್ಯವನ್ನೇ ತೊರೆದು ನಿಲ್ಲುವ ಆ ಕ್ಷಣದಲ್ಲಿ ಭರತನ ಸ್ವಾಮ್ಯದ ಬಯಕೆ ಎಲ್ಲರೆದುರು ಬಯಲಾಗುತ್ತದೆ. ಅಲ್ಲಿ ಬಾಹುಬಲಿಯು ಅಣ್ಣನ ಪಾಲಿಗೆ ಒಬ್ಬ ಪರೀಕ್ಷಕ. ರತ್ನಾಕರನಲ್ಲಿ ಯುದ್ಧಸ್ಪರ್ಧೆ ಹಿಂದಕ್ಕೆ ಸರಿಯುತ್ತದೆ, ಭರತನ ನುಡಿಯೇ ಗೆಲ್ಲುತ್ತದೆ, ತಮ್ಮನು ನಾಚಿ ತಪಸ್ಸಿಗೆ ತೆರಳುತ್ತಾನೆ. ಅಹಿಂಸೆಯ ದೃಷ್ಟಿಯಿಂದ ಈ ಮಾರ್ಪಾಡು ಉದಾತ್ತವಾದದ್ದು. ಆದರೆ ಇದರಿಂದ ಒಂದು ನಷ್ಟವೂ ಆಗಿದೆ. ಕಥೆಯಲ್ಲಿ ಭರತನನ್ನು ತಡೆದು ನಿಲ್ಲಿಸಬಲ್ಲವನಾಗಿದ್ದ ಪ್ರಮುಖ ವ್ಯಕ್ತಿಯೂ ಅವನಿಂದ ತಿಳಿವಳಿಕೆ ಪಡೆಯುವವನಾಗಿ ಬದಲಾಗಿದ್ದಾನೆ. ಪಂಪನ ಭರತನಿಗೆ ತಪ್ಪಿದ್ದು ತಿಳಿಯುತ್ತದೆ. ರತ್ನಾಕರನ ಭರತನು ತಪ್ಪುವುದೇ ಇಲ್ಲ. ತಪ್ಪದವನಿಗೆ ಪ್ರತಿಕ್ರಮಣದ ಅಗತ್ಯವೂ ಬೀಳದು.

೪

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ದಾಸೋಹ ನಡೆಸುವುದು ಇಬ್ಬರ ನಿಯಮ. ಇವರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದ ಪ್ರಸಂಗ ಗೂಳೂರ ಸಿದ್ಧವೀರಣ್ಣೊಡೆಯನ 'ಶೂನ್ಯಸಂಪಾದನೆ'ಯಲ್ಲಿ ಬರುತ್ತದೆ.

ಈ ಕಾಯಕದ ಸ್ವರೂಪವೇ ಗಮನಾರ್ಹವಾದದ್ದು. ಬಿದ್ದ ಕಾಳನ್ನು ಆಯ್ದು ಜೀವಿಸುವ ಉಂಛವೃತ್ತಿಯು ಭಾರತೀಯ ತಪಸ್ವಿಗಳ ಹಳೆಯ ಜೀವನೋಪಾಯ. ಮಹಾಭಾರತದ ಅಶ್ವಮೇಧಪರ್ವದಲ್ಲಿ ಅರ್ಧ ಮೈ ಹೊನ್ನಾದ ಮುಂಗುಸಿಯೊಂದು ಬಂದು, ಯುಧಿಷ್ಠಿರನ ಮಹಾಯಾಗವು ಕುರುಕ್ಷೇತ್ರದ ಉಂಛವೃತ್ತಿಯ ಬ್ರಾಹ್ಮಣಕುಟುಂಬವು ನೀಡಿದ ಹಿಡಿ ಹಿಟ್ಟಿಗೆ ಸಮನಲ್ಲವೆಂದು ಸಾರುವ ಕಥೆ ಪ್ರಸಿದ್ಧವಾಗಿದೆ. ಅರಸನ ಔದಾರ್ಯವನ್ನು ಆಯ್ದು ತಿನ್ನುವವನ ಮನೆಯಿಂದ ಅಳೆಯುವ ಪರಂಪರೆ ಹೀಗೆ ಬಹು ಹಳೆಯದು. ಆಯ್ದಕ್ಕಿಯ ಕಾಯಕವು ತಪಸ್ವಿಯ ಈ ವೃತ್ತಿಯನ್ನು ಗೃಹಸ್ಥನ ದಿನದ ದುಡಿಮೆಯಾಗಿ ಮಾರ್ಪಡಿಸಿದಂತಿದೆ. ಜೊತೆಗೆ, ಬಿದ್ದದ್ದನ್ನು ಕೊಡದೆ ಕೊಳ್ಳಬಾರದೆಂಬ ಶ್ರಾವಕಾಚಾರದ ಎಚ್ಚರಕ್ಕೂ ಈ ಕಾಯಕಕ್ಕೂ ನಡುವೆ ಇರುವ ಗೆರೆ ಬಹಳ ಸಣ್ಣದು. ಚೆಲ್ಲಿಹೋದ ಅಕ್ಕಿ ಯಾರದೂ ಅಲ್ಲವೆಂಬಷ್ಟು ಅಲ್ಪವಾಗಿರುವವರೆಗೆ ಅದು ಕಾಯಕ. ಆ ಅಲ್ಪತ್ವ ಮೀರಿದರೆ ಅದೇ ಕೈ ಪರಸ್ವದ ಕಡೆಗೆ ಚಾಚಿದಂತಾಗುತ್ತದೆ. ಇಂತಹ ಕಾಯಕಕ್ಕೆ ಅಳತೆಯೇ ಪ್ರಾಣ.

ಪ್ರಸಂಗದಲ್ಲಿ ಲಕ್ಕಮ್ಮ ಎರಡು ಸಲ ಗಂಡನನ್ನು ತಡೆಯುತ್ತಾಳೆ. ಮೊದಲ ಸಲ ಅವನು ಶರಣರ ಅನುಭಾವದ ಮಾತುಗಳಲ್ಲಿ ಮೈಮರೆತಿರುವಾಗ, ಕಾಯಕ ನಿಂತುಹೋಗಿದೆಯೆಂದು ಎಚ್ಚರಿಸಿ ಕಳುಹಿಸುತ್ತಾಳೆ. ಇಲ್ಲಿ ಅಡ್ಡಿಯಾಗಿ ಬಂದಿರುವುದು ಲೌಕಿಕದ ಆಮಿಷವಲ್ಲ, ಅಧ್ಯಾತ್ಮದ ಗೋಷ್ಠಿಯೇ. ಎರಡನೆಯ ಸಲ, ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಒಯ್ದು ಸುರಿದು ಬರುವಂತೆ ಹೇಳುತ್ತಾಳೆ. ಇದು ಬಸವಣ್ಣ ಒಡ್ಡಿದ ಪರೀಕ್ಷೆಯೋ ಅಥವಾ ಮಾರಯ್ಯನ ಮನಸ್ಸಿನ ಸಡಿಲಿಕೆಯೋ ಎಂದು ಅವಳು ಎರಡು ಕಡೆಗೂ ಪ್ರಶ್ನೆಯನ್ನು ತಿರುಗಿಸುತ್ತಾಳೆ. ಅವಳ ವಚನದ ಪದಬಳಕೆಯಲ್ಲಿ ಅಕ್ಕಿಯನ್ನು ಅಳೆಯುವ 'ಮಾನ'ವೂ ಅಂತರಂಗದ 'ಮನ'ವೂ ಒಟ್ಟಿಗೆ ಧ್ವನಿಸುವಂತೆ ಓದಲು ಅವಕಾಶವಿದೆ. ಹೊರಗಿನ ಅಳತೆ ಇಮ್ಮಡಿಯಾಯಿತೆಂದರೆ ಒಳಗಿನ ಮನಸ್ಸೂ ಎರಡಾಯಿತೆಂದೇ ಅರ್ಥ. ಭಾವ ಮತ್ತು ಪರಿಮಾಣ ಬೇರೆಬೇರೆಯಾಗಿ ಉಳಿಯುವುದಿಲ್ಲ. ಭಾವದ ಸ್ಥಿತಿ ತಿಳಿಯಬೇಕಾದರೆ ಸೇರು ಬಳ್ಳಗಳನ್ನು ನೋಡಬೇಕು.

ಹೆಚ್ಚುವರಿ ಅಕ್ಕಿಯನ್ನು ದಾಸೋಹಕ್ಕೆ ಬಳಸಬಹುದಿತ್ತು ಎಂಬ ಸಮಜಾಯಿಷಿಗೆ ಅವಳು ಎಡೆ ಕೊಡುವುದಿಲ್ಲ ಎಂಬುದು ಇನ್ನೂ ಸೂಕ್ಷ್ಮವಾದ ಅಂಶ. ಒಳ್ಳೆಯ ಕೆಲಸಕ್ಕೆಂದು ಕೂಡಿಡುವ ಆಸೆಯೂ ಆಸೆಯೇ. ಆಸೆಯು ಅರಸರಿಗೆ ಸಲ್ಲುವಂಥದು, ಶಿವಭಕ್ತರಿಗಲ್ಲ ಎಂಬ ಆಶಯದ ಅವಳ ಮಾತನ್ನು ಭರತೇಶನ ಅರಮನೆಯ ಪಕ್ಕದಲ್ಲಿಟ್ಟು ಓದಿದಾಗ ಎರಡು ದಾರಿಗಳ ಅಂತರ ಸ್ಪಷ್ಟವಾಗುತ್ತದೆ. ಭರತನ ಆಹಾರದಾನವು ಸಮೃದ್ಧಿಯಿಂದ ಹೊರಡುತ್ತದೆ. ಲಕ್ಕಮ್ಮನ ದಾಸೋಹವು ಸಮೃದ್ಧಿಯನ್ನೇ ನಿರಾಕರಿಸಿ ಹೊರಡುತ್ತದೆ.

ಕಾಯಕವನ್ನು ಕೈಲಾಸದೊಡನೆ ಸಮೀಕರಿಸುವ ಪ್ರಸಿದ್ಧ ಮಾತು ಬಸವಣ್ಣನದೆಂದು ವೇದಿಕೆಗಳಲ್ಲಿ ಉದ್ಧೃತವಾಗುವುದುಂಟು. ಅದು ಬಂದಿರುವುದು ಈ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದಾಗ ಗುರು, ಲಿಂಗ, ಜಂಗಮಗಳ ಹಂಗನ್ನೂ ಮರೆಯಬೇಕೆಂಬ ಅದರ ನಿಲುವು ಕಠಿಣವಾದದ್ದು. ಸಂಪಾದನೆಯ ಸನ್ನಿವೇಶದಲ್ಲಿ ಓದಿದಾಗ, ಹೆಂಡತಿ ಎಚ್ಚರಿಸಿದ್ದರಿಂದ ಕಾಯಕಕ್ಕೆ ಮರಳಬೇಕಾದವನ ಮಾತು ಅದು ಎಂಬುದು ನೆನಪಿನಲ್ಲಿರಬೇಕು. ಆಗ ಅದು ಘೋಷಣೆಯಾಗಿ ಕೇಳಿಸದೆ ತಿದ್ದಿಕೊಂಡವನ ಅರಿವಾಗಿ ಕೇಳಿಸುತ್ತದೆ.

ಲಕ್ಕಮ್ಮನದು ಒಂಟಿ ದನಿಯಲ್ಲ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದನೆಂದು ಪರಂಪರೆ ಹೇಳುವ ಮೋಳಿಗೆ ಮಾರಯ್ಯನು ಐಕ್ಯದ ಹಂಬಲವನ್ನು ತೋಡಿಕೊಂಡಾಗ, ಕೂಡುವುದಕ್ಕೆ ಬೇರೊಂದು ಎಡೆಯನ್ನು ಅರಸುವ ಅವನ ಭ್ರಾಂತಿಯನ್ನು ತಿದ್ದುವವಳು ಅವನ ಹೆಂಡತಿ ಮಹಾದೇವಿ. ರಾಜ್ಯವನ್ನು ಬಿಟ್ಟವನಲ್ಲಿಯೂ ಬಿಡಬೇಕಾದದ್ದು ಉಳಿದಿರುತ್ತದೆ, ಅದು ಅವನಿಗಿಂತ ಮೊದಲು ಜೊತೆಗಿರುವವರಿಗೆ ಕಾಣುತ್ತದೆ ಎಂಬುದನ್ನು ಈ ಪ್ರಸಂಗವೂ ಹೇಳುತ್ತದೆ. ಮಠದಲ್ಲಿ ಗುರು ಮಾಡುವ ಕೆಲಸವನ್ನು ಇಲ್ಲಿ ಮನೆಯೊಡತಿ ಮಾಡುತ್ತಾಳೆ.

೫

ಈ ಹೋಲಿಕೆಗೆ ಎರಡು ಆಕ್ಷೇಪಗಳು ಬರಬಹುದು. ಒಂದು, ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನಾರನೆಯ ಶತಮಾನದ ಕಾವ್ಯದೊಡನೆ ಇಟ್ಟು ನೋಡುವುದು ಕಾಲದೃಷ್ಟಿಯಿಂದ ಸರಿಯಲ್ಲ ಎಂಬುದು. ಆದರೆ ಲಕ್ಕಮ್ಮನ ವಚನಗಳು ಮೇಲೆ ವಿವರಿಸಿದ ಸಂವಾದದ ಆಕಾರ ಪಡೆದದ್ದು ಶೂನ್ಯಸಂಪಾದನೆಗಳಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಹದಿನೈದನೆಯ ಶತಮಾನದಲ್ಲಿ ಆರಂಭವಾದ ಈ ಸಂಕಲನಕಾರ್ಯವು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿಗಳ ಮೂಲಕ ಸಾಗಿ ಗೂಳೂರ ಸಿದ್ಧವೀರಣ್ಣೊಡೆಯನಲ್ಲಿ ಪೂರ್ಣಗೊಂಡಿತು. ಅಂದರೆ ಸನ್ನಿವೇಶವಾಗಿ ಈ ಪ್ರಸಂಗವು ರತ್ನಾಕರನ ಕಾಲಕ್ಕೆ ದೂರದ್ದಲ್ಲ. ಇದನ್ನು ಕಟ್ಟಿ ಉಳಿಸಿದವರಲ್ಲಿ ವಿರಕ್ತರೇ ಮುಖ್ಯರು ಎಂಬುದು ಇನ್ನೂ ಕುತೂಹಲಕರವಾದ ಸಂಗತಿ. ಮನೆ ಬಿಟ್ಟವರು ತಮ್ಮ ಸಾಧನೆಯ ಗ್ರಂಥದಲ್ಲಿ ಮನೆಯೊಳಗಿನ ಹೆಣ್ಣಿನ ಎಚ್ಚರಿಕೆಯ ಮಾತಿಗೆ ಸ್ಥಾನ ಕೊಟ್ಟಿದ್ದಾರೆ. ಮಠದಿಂದ ಮನೆಗೆ ಮೌಲ್ಯಗಳು ಇಳಿದುಬಂದುವೆಂಬ ಒಮ್ಮುಖದ ಗ್ರಹಿಕೆಯನ್ನು ಈ ಒಂದು ಸಂಗತಿಯೇ ಸಡಿಲಿಸುತ್ತದೆ. ರತ್ನಾಕರನು ಕೆಲಕಾಲ ವೀರಶೈವನಾಗಿದ್ದು ಮತ್ತೆ ಜೈನನಾದನೆಂಬ 'ರಾಜಾವಳಿ ಕಥೆ'ಯ ಐತಿಹ್ಯವು ಎಷ್ಟರ ಮಟ್ಟಿಗೆ ನಂಬಲರ್ಹವೆಂಬುದು ಬೇರೆ ಮಾತು. ಎರಡು ಪರಂಪರೆಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರದಲ್ಲಿದ್ದುವೆಂಬ ನೆನಪನ್ನಂತೂ ಅದು ಉಳಿಸಿಕೊಂಡಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಬಡತನವನ್ನು ಆದರ್ಶವಾಗಿಸಿ, ಅದರ ಕಾವಲನ್ನು ಹೆಣ್ಣಿನ ಹೆಗಲಿಗೆ ಹೊರಿಸಿದಂತಾಯಿತಲ್ಲವೆ ಎಂಬುದು ಆ ಪ್ರಶ್ನೆ. ಗಂಡನ ಹೆಸರನ್ನು ಒಳಗೊಂಡ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತದಲ್ಲಿಯೇ ಲಕ್ಕಮ್ಮ ಮಾತನಾಡುತ್ತಾಳೆ ಎಂಬುದನ್ನು ಮರೆಯುವಂತಿಲ್ಲ. ಆಯ್ದ ಅಕ್ಕಿ ಎಷ್ಟೇ ಇರಲಿ, ದಾಸೋಹದ ಅಡುಗೆಯ ದುಡಿಮೆ ಅವಳ ಪಾಲಿನದೇ. ಆದರೂ ಆ ಅಂಕಿತದೊಳಗಿಂದಲೇ ಅವಳು ಗಂಡನನ್ನಷ್ಟೇ ಅಲ್ಲ, ಬಸವಣ್ಣನ ಚಿತ್ತವನ್ನೂ ಪ್ರಶ್ನಿಸುತ್ತಾಳೆ. ಭರತನ ರಾಣಿಯರಿಗೆ ತತ್ತ್ವ ತಿಳಿಯುತ್ತದೆ. ತಿಳಿದ ತತ್ತ್ವದಿಂದ ಅರಸನನ್ನು ಕೇಳುವ ಹಕ್ಕು ಅವರಿಗೆ ಬರುವುದಿಲ್ಲ. ಲಕ್ಕಮ್ಮನಿಗೆ ಬಂದಿರುವುದು ಈ ಹಕ್ಕು. ಅವಳಿಗೆ ದೊರೆತ ಗೌರವಕ್ಕೆ ಸಮನಾಗಿ ದುಡಿಮೆಯ ಹಂಚಿಕೆ ಬದಲಾಗಲಿಲ್ಲವೆಂಬುದು ಆ ವ್ಯವಸ್ಥೆಯ ಮಿತಿ. ಅದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

೬

ಹೀಗೆ ಕನ್ನಡ ಸಾಹಿತ್ಯದಲ್ಲಿ ಮುನಿಧರ್ಮವು ಮನೆಯನ್ನು ಪ್ರವೇಶಿಸಿದ ದಾರಿ ಒಂದಲ್ಲ. ಭಾವದ ದಾರಿಯು ವಿಶಾಲವಾದದ್ದು. ಅದರಲ್ಲಿ ಚಕ್ರವರ್ತಿಗೂ ಎಡೆಯಿದೆ. ಬದುಕಿನ ಸಂತೋಷವನ್ನು ಪಾಪವೆಂದು ಕಾಣದ ಆರೋಗ್ಯ ಅದಕ್ಕಿದೆ. ಭರತೇಶನ ಕಥೆ ಇಂದಿಗೂ ಓದುಗರನ್ನು ಒಲಿಸಿಕೊಳ್ಳುವುದು ಈ ಕಾರಣದಿಂದ. ಆದರೆ ಅದೇ ದಾರಿಯಲ್ಲಿ, ಏನನ್ನೂ ಬಿಡದವನು ಎಲ್ಲವನ್ನೂ ಬಿಟ್ಟಿದ್ದೇನೆಂದು ನಂಬಿಕೊಳ್ಳುವ ಅಪಾಯವೂ ಇದೆ. ಧ್ಯಾನವನ್ನು ದಿನಕ್ಕೆ ಇಷ್ಟು ನಿಮಿಷವೆಂದು ಶಿಬಿರಗಳಲ್ಲಿ ಕಲಿತು ಮನೆಗೆ ಮರಳುವ ಇಂದಿನ ಗೃಹಸ್ಥರ ಮಟ್ಟಿಗೂ ಈ ಅಪಾಯ ದೂರದ್ದಲ್ಲ. ಸಾಮಾಯಿಕದ ಮುಹೂರ್ತಕ್ಕೆ ಶ್ರಾವಕಾಚಾರವು ಪರಿಗ್ರಹ ಪರಿಮಾಣವನ್ನು ಜೊತೆಗಿಟ್ಟಿತ್ತು. ಹೊತ್ತಿನ ಅಭ್ಯಾಸವನ್ನು ಮಾತ್ರ ತೆಗೆದುಕೊಂಡು ವಸ್ತುವಿನ ಅಳತೆಯನ್ನು ಕೈಬಿಟ್ಟಾಗ ಉಳಿಯುವುದು ಅರಮನೆಯಿಲ್ಲದ ಭರತತ್ವ.

'ಭೋಗ–ಯೋಗ ಸಮನ್ವಯ' ಎಂಬ ವಿಮರ್ಶಾ ಪರಿಭಾಷೆಯನ್ನು ಆದ್ದರಿಂದ ಇನ್ನಷ್ಟು ಎಚ್ಚರದಿಂದ ಬಳಸಬೇಕಾಗಿದೆ. ಗೃಹಸ್ಥಸಾಧನೆಯನ್ನು ಚಿತ್ರಿಸುವ ಯಾವುದೇ ಕೃತಿಯಲ್ಲಿ ಸಾಧಕನ ಮನೋಭಾವವನ್ನು ಗುರುತಿಸಿ ನಿಲ್ಲದೆ, ಆ ಮನೆಯಲ್ಲಿ ಅಳತೆ ಯಾವುದು, ಅದನ್ನು ಮೀರಿದಾಗ ಹೇಳುವವರು ಯಾರು, ಹೇಳಿದ ಮಾತು ನಡೆಯುತ್ತದೆಯೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಆಯ್ದಕ್ಕಿಯ ಪ್ರಸಂಗದಲ್ಲಿ ಈ ಮೂರಕ್ಕೂ ಉತ್ತರವಿದೆ. ಅಳತೆ ಒಂದು ದಿನದ ಅಕ್ಕಿ. ಹೇಳುವವಳು ಲಕ್ಕಮ್ಮ. ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಮರಳಿ ಒಯ್ದು ಮಹಾಮನೆಯ ಅಂಗಳದಲ್ಲಿ ಸುರಿದು ಬರುತ್ತಾನೆ.